ಕುಂಡದಲ್ಲಿ ಮೆಣಸಿನಗಿಡ: ಬೀಜದಿಂದ ಬೀಜದವರೆಗೆ

ಒಗ್ಗರಣೆಗೆ ಒಣಮೆಣಸಿನಕಾಯಿ ಮುರಿಯುವಾಗ ಉದುರಿದ ಬೀಜವನ್ನು ಬಳಿದು ಕಿಟಕಿಯ ಕುಂಡಕ್ಕೆ ಎಸೆದ ಅನುಭವ ನಿಮಗೂ ಇದ್ದೀತು. ಕೆಲವೊಮ್ಮೆ ಅದು ಮೊಳೆತು ಗಿಡವೂ ಆಗುತ್ತದೆ. ಆದರೆ ನಾಲ್ಕು ತಿಂಗಳು ನೀರೆರೆದ ಮೇಲೆ ಬಿಟ್ಟ ಕಾಯಿ ನೀವು ನೆನೆಸಿದ್ದೇ ಆಗಿರುವುದಿಲ್ಲ. ಒಂದು ಗಿಡದಲ್ಲಿ ಮೋಟು ಕಾಯಿ, ಪಕ್ಕದ ಗಿಡದಲ್ಲಿ ಉದ್ದನೆಯದು, ಮೂರನೆಯದರಲ್ಲಿ ಹೂವೇ ಇಲ್ಲ. ‘ನಮ್ಮ ಕೈಗುಣವೇ ಸರಿಯಿಲ್ಲ’ ಎಂದು ಕುಂಡವನ್ನು ಮೂಲೆಗೆ ಸರಿಸುತ್ತೇವೆ. ದೋಷ ಕೈಯಲ್ಲಿರುವುದಿಲ್ಲ, ಬಹುಪಾಲು ಬೀಜದಲ್ಲೇ ಇರುತ್ತದೆ.

ಇಂದು ಮಾರುಕಟ್ಟೆಗೆ ಬರುವ ಮೆಣಸಿನಕಾಯಿಯಲ್ಲಿ, ಅದರಲ್ಲೂ ದೊಣ್ಣೆ ಮೆಣಸಿನಕಾಯಿಯಲ್ಲಿ, ಹೆಚ್ಚಿನದು ಹೈಬ್ರಿಡ್. ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆ ಅದು. ಆ ಗಿಡ ಸೊಗಸಾಗಿ ಫಲ ಕೊಡುತ್ತದೆ, ನಿಜ. ಆದರೆ ಅದರ ಬೀಜದಿಂದ ಹುಟ್ಟಿದ ಗಿಡಗಳು ತಾಯಿಯನ್ನು ಹೋಲುವುದಿಲ್ಲ. ಒಂದು ಅಜ್ಜನಂತೆ, ಇನ್ನೊಂದು ಅಜ್ಜಿಯಂತೆ ಬೇರೆ ಬೇರೆಯಾಗಿ ಬೆಳೆಯುತ್ತವೆ. ಹಸಿರಾಗಿರುವಾಗಲೇ ಕೊಯ್ದ ದೊಣ್ಣೆ ಮೆಣಸಿನಕಾಯಿಯ ಬೀಜವಂತೂ ಪೂರ್ತಿ ಬಲಿತಿರುವುದಿಲ್ಲ, ಮೊಳೆಯುವುದೇ ಕಷ್ಟ. ಒಣಮೆಣಸಿನಕಾಯಿ ಎಷ್ಟು ಹಳೆಯದೆಂದು ಅಂಗಡಿಯವರಿಗೂ ತಿಳಿದಿರುವುದಿಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೂ ಬ್ಯಾಡಗಿ ಎಂದು ಮಾರುವ ಚೀಲದಲ್ಲೆಲ್ಲ ಹಳೆಯ ನಾಟಿ ತಳಿಯೇ ಇರುತ್ತದೆಂದು ನಂಬುವಂತಿಲ್ಲ.

ಹಾಗಾದರೆ ಬೀಜ ಎಲ್ಲಿ ಸಿಗುತ್ತದೆ? ಉತ್ತರ ಬೆಂಗಳೂರಿನ ನಮಗೆ ಈ ವಿಷಯದಲ್ಲಿ ಅದೃಷ್ಟವಿದೆ. ಯಲಹಂಕದ ಆಚೆ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಿದೆ; ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯ ಬದಿಯಲ್ಲೇ ಜಿಕೆವಿಕೆ ಇದೆ. ಹೆಸರಘಟ್ಟದಲ್ಲಿ ರೂಪುಗೊಂಡ ತಳಿಗಳ ಹೆಸರು ‘ಅರ್ಕಾ’ ಎಂದು ಆರಂಭವಾಗುತ್ತದೆ. ಆದರೆ ಹೆಸರು ನೋಡಿ ಕೊಳ್ಳಬೇಡಿ. ಅರ್ಕಾ ಲೋಹಿತ್ ಹೈಬ್ರಿಡ್ ಅಲ್ಲ, ಅದರ ಬೀಜವನ್ನು ನೀವೇ ಉಳಿಸಿಕೊಳ್ಳಬಹುದು. ಅರ್ಕಾ ಮೇಘನಾ ಹೈಬ್ರಿಡ್, ಪ್ರತಿ ಸಲವೂ ಕೊಳ್ಳಬೇಕು. ದೊಣ್ಣೆ ಮೆಣಸಿನಲ್ಲಿ ಅರ್ಕಾ ಮೋಹಿನಿ, ಅರ್ಕಾ ಗೌರವ್ ಹೈಬ್ರಿಡ್ ಅಲ್ಲದವು. ಯಾವುದೇ ಪೊಟ್ಟಣ ಕೊಳ್ಳುವ ಮುನ್ನ ‘ಇದು ಹೈಬ್ರಿಡ್ಡೋ ಅಲ್ಲವೋ’ ಎಂಬ ಒಂದು ಪ್ರಶ್ನೆ ಕೇಳಿದರೆ ಸಾಕು. ಮೊದಲ ಸಲ ಬೆಳೆಯುವವರು ಖಾರದ ಮೆಣಸಿನಕಾಯಿಯಿಂದಲೇ ಆರಂಭಿಸಿರಿ ಎಂದು ನನ್ನ ಸಲಹೆ. ದೊಣ್ಣೆ ಮೆಣಸು ಬಲು ನಾಜೂಕು, ಅದರ ಮುನಿಸು ತಾಳುವುದು ಅನುಭವಸ್ಥರಿಗೇ ಕಷ್ಟ.

ಆಗಸ್ಟ್ ತಿಂಗಳಲ್ಲಿ ಒಟ್ಟಲು ಹಾಕಿದರೆ ಕ್ರಿಸ್ಮಸ್ ಅಡುಗೆಯ ಹೊತ್ತಿಗೆ ಗಿಡದಲ್ಲಿ ಕೆಂಪು ಹಣ್ಣು ಕಾಣಬಹುದು. ಇದಕ್ಕೆ ಹಣ ಸುರಿದು ತಟ್ಟೆ ಕೊಳ್ಳಬೇಕಿಲ್ಲ. ತೊಳೆದ ಹಾಲಿನ ಪ್ಯಾಕೆಟ್ಟುಗಳ ತಳಕ್ಕೆ ಮೂರು ನಾಲ್ಕು ತೂತು ಹಾಕಿ, ತೆಂಗಿನ ನಾರಿನ ಪುಡಿಗೆ ಅಷ್ಟೇ ಎರೆಹುಳು ಗೊಬ್ಬರ ಬೆರೆಸಿ ತುಂಬಿಸಿ. ಅರ್ಧ ಸೆಂಟಿಮೀಟರ್ ಆಳದಲ್ಲಿ ಬೀಜವಿಟ್ಟು ಮೇಲೆ ತೆಳುವಾಗಿ ಮುಚ್ಚಿ. ಮೆಣಸಿನ ಬೀಜಕ್ಕೆ ಅವಸರವಿಲ್ಲ. ಬೆಚ್ಚಗಿದ್ದರೆ ಏಳರಿಂದ ಹತ್ತು ದಿನ; ನಮ್ಮ ಡಿಸೆಂಬರ್ ಚಳಿಯಲ್ಲಿ ಎರಡು ಮೂರು ವಾರ ಹಿಡಿದರೂ ಆಶ್ಚರ್ಯವಿಲ್ಲ. ಐದನೆಯ ದಿನ ಮಣ್ಣು ಕೆದಕಿ ನೋಡುವುದರಿಂದಲೇ ಎಷ್ಟೋ ಮೊಳಕೆಗಳು ಮುರಿಯುತ್ತವೆ.

ಮೊಳೆತ ಮೇಲಿನ ಎರಡು ವಾರ ನಿಜವಾದ ಪರೀಕ್ಷೆ. ನಾನು ಮೊದಲ ವರ್ಷ ಬೆಳಿಗ್ಗೆಯೂ ಸಂಜೆಯೂ ಪ್ರೀತಿಯಿಂದ ನೀರು ಹಾಕಿದೆ. ಒಂದು ಬೆಳಿಗ್ಗೆ ನೋಡಿದರೆ ನಲವತ್ತು ಸಸಿಗಳಲ್ಲಿ ಆರೇಳು ಉಳಿದು ಮಿಕ್ಕವೆಲ್ಲ ಬುಡದಲ್ಲಿ ದಾರದಂತೆ ಸಣ್ಣಗಾಗಿ ಮಗ್ಗುಲಾಗಿದ್ದವು. ಯಾರೋ ಕಾಲಿನಿಂದ ತುಳಿದರೆಂದು ಮನೆಯ ಮಕ್ಕಳನ್ನು ಗದರಿಸಿದ್ದೂ ಆಯಿತು. ತುಳಿದವರು ಯಾರೂ ಇರಲಿಲ್ಲ. ಸದಾ ಒದ್ದೆಯಾಗಿರುವ ಮಣ್ಣಿನಲ್ಲಿ ಬೆಳೆಯುವ ಶಿಲೀಂಧ್ರ ಎಳೆಯ ಕಾಂಡವನ್ನು ಕೊಳೆಸುತ್ತದೆ, ಅಷ್ಟೆ. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ತಾಕಿದಾಗ ಮಾತ್ರ, ಅದೂ ಬೆಳಗಿನ ಹೊತ್ತು, ನೀರು ಚಿಮುಕಿಸಿ. ಸಸಿಗಳು ಒತ್ತಾಗಿದ್ದರೆ ನಡುನಡುವೆ ಕಿತ್ತು ಗಾಳಿಯಾಡಲು ಬಿಡಿ. ಗೊಬ್ಬರದಂಗಡಿಯಲ್ಲಿ ಸಿಗುವ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ಮೊದಲೇ ಮಣ್ಣಿಗೆ ಬೆರೆಸಿದರೆ ಇನ್ನೂ ಒಳಿತು.

ಮೂವತ್ತೈದು ನಲವತ್ತು ದಿನಕ್ಕೆ, ಆರು ಎಲೆ ಬಂದ ಸಸಿಯನ್ನು ಸಂಜೆ ಹೊತ್ತು ಹನ್ನೆರಡು ಇಂಚಿನ ಕುಂಡಕ್ಕೆ ಒಂದರಂತೆ ನೆಡಿ. ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ನಾರಿನ ಪುಡಿ ಇದ್ದರಾಯಿತು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೇಕು. ಆರ್.ಟಿ. ನಗರ, ಯಶವಂತಪುರದಂಥ ಕಡೆ ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಬಾಲ್ಕನಿಗಿಂತ ತಾರಸಿಯೇ ವಾಸಿ. ಯೂರಿಯಾ ಹಾಕಿದರೆ ಎಲೆ ಸೊಂಪಾಗುತ್ತದೆ, ಕಾಯಿ ಕಡಿಮೆಯಾಗುತ್ತದೆ. ಏಪ್ರಿಲ್ ಬಿಸಿಲಿಗೆ ಹೂವು ಉದುರಿದರೆ ಗಾಬರಿ ಬೇಡ. ತಂಪಾದ ಮೇಲೆ ಗಿಡ ಮತ್ತೆ ಹೂವು ಕಟ್ಟುತ್ತದೆ.

ಎಲೆ ಮುದುಡಿದರೆ ಮಾತ್ರ ತಡಮಾಡಬೇಡಿ. ಅಂಚು ಮೇಲಕ್ಕೆ ಮಡಚಿ ದೋಣಿಯಂತಾದರೆ ಸಾಮಾನ್ಯವಾಗಿ ಅದು ಥ್ರಿಪ್ಸ್ ನುಶಿಯ ಕೆಲಸ. ಕೆಳಕ್ಕೆ ಮಡಚಿದರೆ ಮೈಟ್ ನುಶಿಯದು. ಎಲೆ ಚಿಕ್ಕದಾಗಿ, ಗಿಡವೇ ಮುರುಟಿಕೊಂಡು ಗುಜ್ಜಾದರೆ ಬಿಳಿ ನೊಣ ತಂದ ವೈರಸ್ ಇರಬಹುದು. ಅದಕ್ಕೆ ಔಷಧವಿಲ್ಲ, ಕಿತ್ತು ಹಾಕಿ ಉಳಿದ ಗಿಡಗಳನ್ನು ಕಾಪಾಡಿರಿ. 2021ರ ಕೊನೆಯಲ್ಲಿ ಹೊಸ ಜಾತಿಯ ಥ್ರಿಪ್ಸ್ ಕರ್ನಾಟಕ, ಆಂಧ್ರ, ತೆಲಂಗಾಣದ ಮೆಣಸಿನ ಹೊಲಗಳನ್ನೇ ಹಾಳುಗೆಡವಿತು. ಹೊಲದವರ ಕಷ್ಟ ಬೇರೆ, ಅವರ ಬದುಕೇ ಅದರಲ್ಲಿದೆ. ನಾವು ಎಂಟು ಕುಂಡದವರು. ಹೊಲಕ್ಕೆಂದು ಮಾರುವ ವಿಷವನ್ನು ಮಗು ಆಡುವ ಬಾಲ್ಕನಿಗೆ ತಂದು ಸಿಂಪಡಿಸಿ, ಅದೇ ಸಂಜೆ ಕಾಯಿ ಕಿತ್ತು ಚಟ್ನಿಗೆ ಹಾಕುವವರನ್ನು ನಾನು ಕಂಡಿದ್ದೇನೆ. ಅದರ ಬದಲು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಕೆಲವು ಹನಿ ಸಾಬೂನು ದ್ರವ ಬೆರೆಸಿ, ವಾರಕ್ಕೊಮ್ಮೆ ಸಂಜೆ ಎಲೆಯ ಕೆಳಮೈಗೆ ಸಿಂಪಡಿಸಿ. ಒಂದು ಗಿಡ ಹೋದರೂ ಹೋಗಲಿ.

ಇನ್ನು ಬೀಜ ಉಳಿಸುವ ಮಾತು. ಮೆಣಸಿನಕಾಯಿ ನಮ್ಮ ನೆಲದ್ದಲ್ಲ. ಅಮೆರಿಕ ಖಂಡದ ಈ ಬೆಳೆಯನ್ನು ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಭಾರತಕ್ಕೆ ತಂದರು. ಅಲ್ಲಿಯವರೆಗೆ ನಮ್ಮ ಸಾರಿಗೆ ಕರಿಮೆಣಸಿನದೇ ಖಾರ. ಹೊಸ ಕಾಯಿಗೂ ಅದೇ ಹೆಸರು ಅಂಟಿಕೊಂಡಿತು. ಅಲ್ಲಿಂದ ಬ್ಯಾಡಗಿಯವರೆಗೆ ಅದು ಬಂದದ್ದು ಪ್ರತಿ ವರ್ಷ ಯಾರೋ ಒಳ್ಳೆಯ ಹಣ್ಣನ್ನು ಅಡುಗೆಗೆ ಹಾಕದೆ ಎತ್ತಿಟ್ಟಿದ್ದರಿಂದ.

ನೀವೂ ಹಾಗೆಯೇ ರೋಗವಿಲ್ಲದ, ಚೆನ್ನಾಗಿ ಕಾಯಿ ಬಿಟ್ಟ ಗಿಡವೊಂದನ್ನು ಆರಿಸಿ. ಜೇನ್ನೊಣ ಪಕ್ಕದ ತಳಿಯ ಪರಾಗ ತರಬಹುದಾದ್ದರಿಂದ ಒಂದೆರಡು ರೆಂಬೆಗೆ, ಮೊಗ್ಗು ಅರಳುವ ಮುನ್ನವೇ, ತೆಳು ಬಟ್ಟೆಯ ಚೀಲ ಕಟ್ಟಿ. ಕಾಯಿ ಕಟ್ಟಿದ ಮೇಲೆ ಚೀಲ ಬಿಚ್ಚಿ ಆ ರೆಂಬೆಗೆ ಬಣ್ಣದ ದಾರ ಸುತ್ತಿ. ಇಲ್ಲವಾದರೆ ಮನೆಯವರು ತಿಳಿಯದೆ ಕಿತ್ತು ಉಪ್ಪಿಟ್ಟಿಗೆ ಹಾಕಿಬಿಡುತ್ತಾರೆ! ಹಣ್ಣು ಪೂರ್ತಿ ಕೆಂಪಾಗಿ ಸುಕ್ಕುಗಟ್ಟತೊಡಗಿದಾಗ ಕಿತ್ತು, ಬೀಜ ಬಿಡಿಸಿ, ನೆರಳಿನಲ್ಲಿ ಒಣಗಿಸಿ. ಬಿಡಿಸುವಾಗ ಕೈಗೆ ಎಣ್ಣೆ ಸವರಿಕೊಳ್ಳಿ, ಕಣ್ಣು ಮುಟ್ಟಬೇಡಿ. ಖಾರವಿರುವುದು ಬೀಜದಲ್ಲಲ್ಲ, ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ. ಒಣಗಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ತಳಿಯ ಹೆಸರು, ತಿಂಗಳು, ವರ್ಷ ಬರೆದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಎರಡು ವರ್ಷ ಧಾರಾಳವಾಗಿ ಮೊಳೆಯುತ್ತದೆ. ಮೂರನೆಯ ವರ್ಷವಾದರೆ ಒದ್ದೆ ಬಟ್ಟೆಯಲ್ಲಿ ಹತ್ತು ಬೀಜ ಸುತ್ತಿಟ್ಟು, ಎಷ್ಟು ಮೊಳೆಯುತ್ತವೆಂದು ನೋಡಿ ಬಿತ್ತಿರಿ.