ಕೆರೆಗೂ ಒಂದು ಪಾತ್ರ: ನಾಟಕದಿಂದ ಊರನ್ನು ಕಲಿಯೋಣ



"ಕೆರೆಗೆ ಕಸ ಹಾಕಬೇಡಿ, ಹಳೆಯ ಕಲ್ಲಿನ ಮೇಲೆ ಹೆಸರು ಗೀಚಬೇಡಿ" ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದರೂ ಮರೆಯುತ್ತಾರೆ. ಅದೇ ಮಗುವಿಗೆ ನಾಟಕದಲ್ಲಿ ಕೆರೆಯ ಪಾತ್ರ ಕೊಟ್ಟು ನೋಡಿ. ಮೈಮೇಲೆ ಕಸ ಬಿದ್ದಾಗ ಏನು ಮಾತಾಡಬೇಕೆಂದು ಅದು ತಾನೇ ಯೋಚಿಸತೊಡಗುತ್ತದೆ.

ನಾಟಕ ನಮ್ಮ ಜಿಲ್ಲೆಗೆ ಹೊಸದಲ್ಲ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಬಾಲಕನಾಗಿ ಅದನ್ನು ಸೇರಿದ ವೀರಣ್ಣನವರು ಮುಂದೆ ಅದನ್ನು ನಾಡಿನಾದ್ಯಂತ ಬೆಳೆಸಿದರು. ಈ ವರ್ಷದ ಎನ್ನೆಸ್ಸೆಸ್ ಶಿಬಿರದಲ್ಲಿ ನೀವೂ ಹಾಲ್ಕುರಿಕೆಯ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಎರಡು ಪಾಠಗಳನ್ನು ಆಡಿಸಬಹುದು.

ಪಾಠ 1: ಕೆರೆ ಸಾಲು

ಐದು ಮಕ್ಕಳು ಶಾಲೆಯ ಮೆಟ್ಟಿಲುಗಳ ಮೇಲೆ ಒಬ್ಬರ ಕೆಳಗೊಬ್ಬರು ಲೋಟ ಹಿಡಿದು ನಿಲ್ಲಲಿ. ಒಂದೊಂದು ಲೋಟವೂ ಒಂದು ಕೆರೆ. ಮೇಲಿನ ಲೋಟಕ್ಕೆ ನೀರು ಸುರಿಯಿರಿ. ತುಂಬಿ ಹೊರಚೆಲ್ಲಿದ್ದು ಕೆಳಗಿನದಕ್ಕೆ ಬೀಳುತ್ತದೆ. ಇದೇ ಕೋಡಿ. ಈಗ ಮೊದಲ ಲೋಟಕ್ಕೆ ಮುಕ್ಕಾಲು ಭಾಗ ಮಣ್ಣು ತುಂಬಿ ಮತ್ತೆ ನೀರು ಸುರಿಯಿರಿ. ಕೋಡಿ ಬೇಗ ಬೀಳುತ್ತದೆ, ಆದರೆ ಲೋಟದಲ್ಲಿ ಉಳಿಯುವುದು ಒಂದೆರಡು ಗುಟುಕು. ಕೆರೆ ಕೋಡಿ ಬಿತ್ತೆಂದು ಸಂಭ್ರಮಿಸುವಾಗ ಹೂಳು ಎಷ್ಟಿದೆ ಎಂದೂ ಕೇಳಬೇಕು ಎಂಬುದು ಮಕ್ಕಳಿಗೆ ಆಗ ಅರ್ಥವಾಗುತ್ತದೆ. ಕೆರೆಯಲ್ಲಿ ನಿಂತ ನೀರು ಇಂಗಿದರೆ ತಾನೇ ಸುತ್ತಲಿನ ಬಾವಿ, ಬೋರ್‌ವೆಲ್‌ಗಳಿಗೆ ನೀರು? ತೆಂಗಿನ ತೋಟ ಉಳಿಯುವುದೂ ಅದರಿಂದಲೇ.

ಉಳಿದವರು ಏರಿ, ತೂಬು, ನೀರುಗಂಟಿ ಆಗಲಿ. ಹಿಂದೆ ತೂಬು ಎತ್ತುತ್ತಿದ್ದವರು ಯಾರು, ಗದ್ದೆಗೆ ನೀರು ಹಂಚುತ್ತಿದ್ದದ್ದು ಹೇಗೆ ಎಂದು ಮನೆಯ ಅಜ್ಜಿಯನ್ನೋ ನಾನಿಯನ್ನೋ ಕೇಳಿ ಬಂದು ಮಾತು ಕಟ್ಟಲಿ.

ಪಾಠ 2: ಮಾತಾಡುವ ಕಲ್ಲು

ನಮ್ಮ ತಾಲ್ಲೂಕಿನ ಅರಳಗುಪ್ಪೆಯಲ್ಲಿ 9ನೇ ಶತಮಾನದ ಕಲ್ಲೇಶ್ವರ ದೇವಾಲಯವಿದೆ, ಹೊಯ್ಸಳರ ಕಾಲದ ಚೆನ್ನಕೇಶವ ದೇವಾಲಯವೂ ಇದೆ. ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡದ್ದು ಮೆದುವಾದ ಬಳಪದ ಕಲ್ಲು. ಅಷ್ಟು ಸೂಕ್ಷ್ಮವಾದ ಕೆತ್ತನೆ ಸಾಧ್ಯವಾದದ್ದು ಅದರಿಂದಲೇ. ಗೀಚಿದರೆ ಸುಲಭವಾಗಿ ಗಾಯವಾಗುವುದೂ ಅದಕ್ಕೇ. ಒಬ್ಬ ಶಿಲ್ಪಿಯಾಗಲಿ, ಒಬ್ಬ ಕಲ್ಲಾಗಲಿ, ಇನ್ನೊಬ್ಬ ಮೊಳೆ ಹಿಡಿದು ಹೆಸರು ಗೀಚಲು ಬರಲಿ. ಅವರ ನಡುವೆ ಯಾವ ಮಾತು ನಡೆಯುತ್ತದೆ? ಅದನ್ನು ಮಕ್ಕಳೇ ಹೇಳಲಿ, ನೀವು ಬರೆದುಕೊಡಬೇಡಿ.

ನೆನಪಿಡಿ: ಸಂವಿಧಾನದ 51ಎ ವಿಧಿಯ ಪ್ರಕಾರ ನಮ್ಮ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನೂ ಕಾಡು, ಕೆರೆ, ನದಿಗಳನ್ನೂ ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ. ಕೆರೆಯ ನೀರು ಯಾರ ತೋಟ, ಯಾರ ಮನೆ ಎಂದು ಕೇಳಿ ಇಂಗುವುದಿಲ್ಲ. ಅದನ್ನು ಕಾಯುವ ಹೊಣೆಯೂ ಎಲ್ಲರದು.

ಅಭ್ಯಾಸ
1. ನಿಮ್ಮ ಊರಿನ ಕೆರೆಯ ಏರಿ, ತೂಬು, ಕೋಡಿಗಳನ್ನು ಗುರುತಿಸಿ ನಕ್ಷೆ ಬರೆಯಿರಿ.
2. ಊರಿನ ಒಂದು ವೀರಗಲ್ಲು, ಹಳೆಯ ಮರ ಅಥವಾ ಗುಡ್ಡ ತನ್ನ ಕಥೆಯನ್ನು ತಾನೇ ಹೇಳುವಂತೆ ಹತ್ತು ಸಾಲು ಸಂಭಾಷಣೆ ಬರೆಯಿರಿ.