ಪುರುಷಪ್ರಯತ್ನವೂ ಯೋಗ್ಯತೆಯೂ



ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ನಮ್ಮ ಮನೆಗಳಲ್ಲಿ, ಮಕ್ಕಳ ಪರೀಕ್ಷೆಯ ಫಲಿತಾಂಶ ಬಂದ ದಿನಗಳಲ್ಲಿ ಎರಡು ಮಾತುಗಳು ಮೇಲಿಂದ ಮೇಲೆ ಕಿವಿಗೆ ಬೀಳುತ್ತವೆ. ಒಂದು, “ಎಲ್ಲವೂ ಹರಿಚಿತ್ತ, ನಾವು ಮಾಡುವುದರಿಂದ ಆಗುವುದೇನು?” ಎಂಬುದು. ಇನ್ನೊಂದು, “ಇವನ ಯೋಗ್ಯತೆಯೇ ಇಷ್ಟು” ಎಂಬುದು. ಎರಡರಲ್ಲಿಯೂ ಬಳಕೆಯಾದ ಪದಗಳು ನಮ್ಮ ಸಿದ್ಧಾಂತದವು. ಆದರೆ ಎರಡರ ಅರ್ಥವೂ ಸಿದ್ಧಾಂತದ್ದಲ್ಲ. ಮೊದಲನೆಯದು ಆಲಸ್ಯಕ್ಕೆ ಭಕ್ತಿಯ ಹೊದಿಕೆ ಹಾಕುತ್ತದೆ. ಎರಡನೆಯದು ಬೆಳೆಯುವ ಮಗುವಿನ ಮನಸ್ಸನ್ನು ಮುರಿಯುತ್ತದೆ. ಹಿರಿಯರು ಬೇಸರದಲ್ಲಿ ಆಡಿದ ಮಾತು ಸಂಜೆಯ ಹೊತ್ತಿಗೆ ಅವರಿಗೆ ಮರೆತುಹೋಗಬಹುದು. ಕೇಳಿದ ಮಗುವಿಗೆ ಅದು ವರ್ಷಗಟ್ಟಲೆ ಮರೆಯುವುದಿಲ್ಲ. ಆದಕಾರಣ ಈ ಎರಡು ಮಾತುಗಳನ್ನು ಶಾಸ್ತ್ರದ ಬೆಳಕಿನಲ್ಲಿ ವಿಚಾರಿಸುವುದು ಅಗತ್ಯ.

ಮೊದಲು ಪ್ರಯತ್ನದ ವಿಚಾರ. ಶ್ರೀಮದಾಚಾರ್ಯರು ಬೋಧಿಸಿದಂತೆ ಶ್ರೀಹರಿಯೊಬ್ಬನೇ ಸ್ವತಂತ್ರನು, ಜೀವನು ಪರತಂತ್ರನು. ಹಾಗೆಂದ ಮಾತ್ರಕ್ಕೆ ಜೀವನಿಗೆ ಕರ್ತೃತ್ವವೇ ಇಲ್ಲವೆಂದು ಆಚಾರ್ಯರು ಹೇಳಲಿಲ್ಲ. ಕರ್ತೃತ್ವವುಂಟು, ಆದರೆ ಅದು ಶ್ರೀಹರಿಗೆ ಅಧೀನವಾದ ಕರ್ತೃತ್ವ. ಕರ್ತೃತ್ವವೇ ಇಲ್ಲದಿದ್ದರೆ ಇದನ್ನು ಮಾಡು, ಇದನ್ನು ಬಿಡು ಎಂಬ ವಿಧಿನಿಷೇಧಗಳು ಯಾರಿಗೆ? ಗೀತೆಯ 18ನೆಯ ಅಧ್ಯಾಯದಲ್ಲಿ ಯಾವುದೇ ಕರ್ಮದ ಸಿದ್ಧಿಗೆ ಐದು ಕಾರಣಗಳನ್ನು ಭಗವಂತನು ಎಣಿಸುತ್ತಾನೆ: ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆ ಮತ್ತು ಐದನೆಯದಾಗಿ ದೈವ. ದೈವವು ಕೊನೆಯಲ್ಲಿ ಬಂದರೂ ಪ್ರಧಾನವಾದದ್ದು. ಆದರೂ ಉಳಿದ ನಾಲ್ಕನ್ನು ಭಗವಂತನು ಕೈಬಿಡಲಿಲ್ಲ. ದೈವವೊಂದನ್ನೇ ಹಿಡಿದು ಕುಳಿತವನೂ, ಚೇಷ್ಟೆಯೊಂದನ್ನೇ ನಂಬಿ ಬೀಗಿದವನೂ ಈ ಪಟ್ಟಿಯನ್ನು ಪೂರ್ತಿ ಓದಲಿಲ್ಲವೆಂದೇ ಹೇಳಬೇಕು.

ಇದೇ ಪ್ರಶ್ನೆ ಮಹಾಭಾರತದ ವನಪರ್ವದಲ್ಲಿ ಬಂದಿದೆ. ರಾಜ್ಯವನ್ನು ಕಳೆದುಕೊಂಡು ಕಾಡು ಸೇರಿದ ಧರ್ಮರಾಜನ ಮುಂದೆ ಪ್ರಯತ್ನದ ಪಕ್ಷವನ್ನು ಎತ್ತಿ ಹಿಡಿದವಳು ದ್ರೌಪದೀದೇವಿ. ತಾನು ತಂದೆಯ ಮನೆಯಲ್ಲಿ ಬಾಲಿಕೆಯಾಗಿದ್ದಾಗ ಕೇಳಿದ ಬೃಹಸ್ಪತಿನೀತಿಯೆಂದು ಹೇಳಿ, ಆಕೆ ಒಕ್ಕಲಿಗನ ದೃಷ್ಟಾಂತವನ್ನು ಕೊಡುತ್ತಾಳೆ. ಒಕ್ಕಲಿಗನು ನೆಲವನ್ನು ಸೀಳುತ್ತಾನೆ, ಬೀಜವನ್ನು ಬಿತ್ತುತ್ತಾನೆ, ಆಮೇಲೆ ಸುಮ್ಮನೆ ಕುಳಿತು ಮಳೆಯ ದಾರಿ ಕಾಯುತ್ತಾನೆ. ಮಳೆ ಬಾರದೆ ಹೋದರೆ, ಉಳಿದವರು ಮಾಡುವುದನ್ನೆಲ್ಲ ತಾನೂ ಮಾಡಿದ್ದೇನೆ, ಇದರಲ್ಲಿ ತನ್ನ ದೋಷವಿಲ್ಲ ಎಂದು ತಿಳಿದು ತನ್ನನ್ನು ತಾನು ಹಳಿದುಕೊಳ್ಳುವುದಿಲ್ಲ. ದ್ರೌಪದಿಯು ಭಾರತೀದೇವಿಯ ಅವತಾರವೆಂಬುದು ನಮ್ಮ ನಿರ್ಣಯ. ಆ ತಾಯಿಯ ಬಾಯಿಂದ ಬಂದ ಈ ಮಾತು ನಮಗೆ ಕೇವಲ ನೀತಿಕಥೆಯಲ್ಲ.

ಈ ದೃಷ್ಟಾಂತವನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರೋಹಿಣಿ, ಮೃಗಶಿರಾ ಮಳೆಗಳ ದಾರಿ ನೋಡುವ ರೈತನು ಮೋಡ ಕಂಡ ಮೇಲೆ ಕೂರಿಗೆಯನ್ನು ಹುಡುಕಲು ಹೋಗುವುದಿಲ್ಲ. ಹೊಲವನ್ನು ಹರಗಿ ಹದಮಾಡಿ ಮೊದಲೇ ಸಿದ್ಧನಾಗಿರುತ್ತಾನೆ. ಘಟಪ್ರಭೆಯನ್ನೇ ನೋಡಿರಿ. ಸಹ್ಯಾದ್ರಿಯಲ್ಲಿ ಮಳೆ ಸುರಿಸುವುದು ಯಾರ ಕೈಯಲ್ಲಿಯೂ ಇಲ್ಲ. ಆದರೆ ಬಂದ ನೀರನ್ನು ಹಿಡಿಯಲು 1897ರಲ್ಲಿ ಧುಪದಾಳದಲ್ಲಿ ಒಡ್ಡು ಕಟ್ಟಿದರು. ಮುಂದೆ ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಸುಮಾರು 51 ಟಿ.ಎಂ.ಸಿ. ನೀರು ನಿಲ್ಲುವ ಜಲಾಶಯ ಎದ್ದಿತು. ಗೋಕಾಕದ ಜಲಪಾತದಲ್ಲಿ ಸುಮಾರು 170 ಅಡಿ ಎತ್ತರದಿಂದ ಬೀಳುವ ನೀರಿನ ಬಲದಿಂದ 19ನೆಯ ಶತಮಾನದ ಕೊನೆಯಲ್ಲಿಯೇ ಗಿರಣಿಯ ಯಂತ್ರಗಳು ತಿರುಗಿದವು. ಯಂತ್ರದ ಬಲ ಯಂತ್ರದ್ದಲ್ಲ, ನೀರಿನದು. ಆದರೂ ಚಕ್ರವನ್ನು ನೀರಿಗೆ ಒಡ್ಡದಿದ್ದರೆ ಅದೇ ನೀರು ಸಾವಿರ ವರ್ಷ ಬಿದ್ದರೂ ಒಂದು ಎಳೆ ನೂಲು ಹೊರಡುತ್ತಿರಲಿಲ್ಲ. ಜೀವನ ಪ್ರಯತ್ನವೆಂದರೆ ಹೀಗೆ ಚಕ್ರವನ್ನು ಒಡ್ಡುವುದು. ಬಲವು ಶ್ರೀಹರಿಯದೆಂದು ಅರಿತವನಿಗೆ ಗೆದ್ದಾಗ ಸೊಕ್ಕು ಬರುವುದಿಲ್ಲ. ಒಡ್ಡುವ ಕೆಲಸ ತನ್ನದೆಂದು ಅರಿತವನಿಗೆ ಆಲಸ್ಯ ಬರುವುದಿಲ್ಲ.

ಇನ್ನು ಯೋಗ್ಯತೆಯ ಮಾತು. ಜೀವರಲ್ಲಿ ತಾರತಮ್ಯವುಂಟು, ಪ್ರತಿಯೊಬ್ಬ ಜೀವನಿಗೂ ತನ್ನದೇ ಆದ ಸ್ವರೂಪಯೋಗ್ಯತೆ ಉಂಟು ಎಂಬುದು ತತ್ತ್ವವಾದದ ನಿಶ್ಚಯ. ಆದರೆ ಎರಡು ಸಂಗತಿಗಳನ್ನು ಇಲ್ಲಿ ಮರೆಯಬಾರದು. ಮೊದಲನೆಯದು, ಶಾಸ್ತ್ರದಲ್ಲಿ ಯೋಗ್ಯತೆ ಎಂಬ ಪದವು ಜೀವನ ಸ್ವರೂಪಕ್ಕೆ, ಅವನ ಜ್ಞಾನಭಕ್ತಿಗಳಿಗೆ, ಮೋಕ್ಷಾನಂದಕ್ಕೆ ಸಂಬಂಧಿಸಿದ್ದು. ಗಣಿತದ ಪತ್ರಿಕೆಗೂ ನೌಕರಿಯ ಸಂದರ್ಶನಕ್ಕೂ ಅದನ್ನು ಅಂಟಿಸುವುದು ಪದದ ದುರುಪಯೋಗ. ಅಂಕಪಟ್ಟಿಯು ಮೂರು ತಾಸಿನಲ್ಲಿ ಬರೆದ ಉತ್ತರಗಳನ್ನು ತೂಗುತ್ತದೆ, ಜೀವನನ್ನು ತೂಗುವುದಿಲ್ಲ. ಎರಡನೆಯದು, ಜೀವಸ್ವರೂಪವು ಸಂಸಾರದಲ್ಲಿ ಅವಿದ್ಯೆಯಿಂದ ಮುಚ್ಚಿಕೊಂಡಿರುತ್ತದೆ. ಅದನ್ನು ಪೂರ್ಣವಾಗಿ ಬಲ್ಲವನು ಶ್ರೀಹರಿಯೊಬ್ಬನೇ. ಹಾಗಿರುವಾಗ ಹದಿನೇಳು ವರ್ಷದ ಹುಡುಗನ ಅಥವಾ ಹುಡುಗಿಯ ಮುಂದೆ ನಿಂತು “ನಿನ್ನ ಯೋಗ್ಯತೆ ಇಷ್ಟೇ” ಎಂದು ತೀರ್ಪು ಕೊಡುವವರು ಯಾರ ಸ್ಥಾನದಲ್ಲಿ ಕುಳಿತು ಮಾತನಾಡುತ್ತಿದ್ದಾರೆ? ತಾರತಮ್ಯದ ಜ್ಞಾನವು ದೇವತೆಗಳಲ್ಲಿಯೂ ಗುರುಹಿರಿಯರಲ್ಲಿಯೂ ವಿನಯವನ್ನು ಕಲಿಸುವುದಕ್ಕಾಗಿ ಇದೆಯೇ ಹೊರತು, ಮನೆಯ ಮಕ್ಕಳನ್ನು ಪಕ್ಕದ ಮನೆಯ ಮಕ್ಕಳೊಡನೆ ತೂಗಿ ನೋಡುವುದಕ್ಕಾಗಿ ಅಲ್ಲ.

ಲೌಕಿಕ ಸಾಮರ್ಥ್ಯವೂ ಮೊದಲೇ ಕಣ್ಣಿಗೆ ಬೀಳುವಂಥದಲ್ಲ. ಇದಕ್ಕೆ ನಮ್ಮ ಸೀಮೆಯಲ್ಲಿಯೇ ಉದಾಹರಣೆಯಿದೆ. ‘ಆನಂದಕಂದ’ ಕಾವ್ಯನಾಮದ ಬೆಟಗೇರಿ ಕೃಷ್ಣಶರ್ಮರು 1900ರಲ್ಲಿ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದರು. ದೊಡ್ಡ ಕಾಲೇಜುಗಳ ವ್ಯಾಸಂಗ ಅವರ ಪಾಲಿಗೆ ಬರಲಿಲ್ಲ. ಸ್ವಂತ ಓದಿನಿಂದ ಬೆಳೆದು, ‘ಮುದ್ದನ ಮಾತು’, ‘ನಲ್ವಾಡುಗಳು’ ಮುಂತಾದ ಕಾವ್ಯಗಳನ್ನೂ ಕಾದಂಬರಿಗಳನ್ನೂ ಬರೆದರು; ಹಳ್ಳಿಯ ಆಡುನುಡಿಗೆ ಕಾವ್ಯದ ಪೀಠವನ್ನು ಕೊಟ್ಟರು. 1938ರಲ್ಲಿ ‘ಜಯಂತಿ’ ಮಾಸಪತ್ರಿಕೆಯನ್ನು ಆರಂಭಿಸಿ ಎರಡು ದಶಕಗಳಿಗೂ ಮೀರಿ ನಡೆಸಿದರು. ನಮ್ಮ ಮನೆಗಳು ಅವರನ್ನು ಇನ್ನೊಂದು ಕಾರಣಕ್ಕಾಗಿಯೂ ನೆನೆಯಬೇಕು. 1960ರ ದಶಕದಲ್ಲಿ ಬೆಂಗೇರಿ ಹುಚ್ಚುರಾಯರೊಡನೆ ಸೇರಿ ಶ್ರೀ ಪುರಂದರದಾಸರ ಸಾಹಿತ್ಯವನ್ನು ಸಂಪುಟಗಳಾಗಿ ಸಂಪಾದಿಸಿದವರು ಅವರು. 1982ರಲ್ಲಿ ಅವರು ದೇಹ ಬಿಡುವವರೆಗಿನ ಈ ದುಡಿಮೆಯನ್ನು, ಬೆಟಗೇರಿಯ ಆ ಹುಡುಗನ ಶಾಲೆಯ ದಿನಗಳನ್ನು ನೋಡಿ ಯಾರು ಮುಂಗಂಡು ಹೇಳಬಹುದಾಗಿತ್ತು? ಪ್ರಯತ್ನವು ನಡೆದ ಮೇಲೆ ಸಾಮರ್ಥ್ಯ ಕಂಡಿತೇ ಹೊರತು, ಸಾಮರ್ಥ್ಯವನ್ನು ಅಳೆದು ನೋಡಿ ಆಮೇಲೆ ಪ್ರಯತ್ನವು ನಡೆಯಲಿಲ್ಲ.

ಹಾಗಾದರೆ ಪ್ರಯತ್ನಶೀಲನ ಮನಸ್ಸು ಹೇಗಿರಬೇಕು? ಗೀತೆಯ ಅದೇ 18ನೆಯ ಅಧ್ಯಾಯವು ಸಾತ್ತ್ವಿಕ ಕರ್ತೃವಿನ ಲಕ್ಷಣವನ್ನು ಹೇಳುತ್ತದೆ. ಫಲದ ಅಂಟು ಇಲ್ಲದಿರುವುದು, ‘ನಾನೇ ಮಾಡಿದೆ’ ಎಂಬ ಮಾತು ಇಲ್ಲದಿರುವುದು, ಧೃತಿ ಮತ್ತು ಉತ್ಸಾಹಗಳಿಂದ ಕೂಡಿರುವುದು, ಕಾರ್ಯವು ಕೈಗೂಡಿದರೂ ಕೂಡದಿದ್ದರೂ ಮನಸ್ಸು ಕದಡದಿರುವುದು. ಇದಕ್ಕೆ ವಿರುದ್ಧವಾದ ತಾಮಸ ಕರ್ತೃವಿನ ಲಕ್ಷಣಗಳಲ್ಲಿ ಆಲಸ್ಯವೂ ವಿಷಾದವೂ ದೀರ್ಘಸೂತ್ರತೆಯೂ ಸೇರಿವೆ. ದೀರ್ಘಸೂತ್ರತೆ ಎಂದರೆ ಇಂದಿನ ಕೆಲಸವನ್ನು ನಾಳೆಗೆ, ನಾಳೆಯದನ್ನು ನಾಡಿದ್ದಿಗೆ ನೂಕುವುದು. ಫಲದ ಅಂಟು ಬೇಡವೆಂದ ಭಗವಂತನೇ ಉತ್ಸಾಹ ಬೇಕೆಂದದ್ದನ್ನು ಗಮನಿಸಬೇಕು. ವೈರಾಗ್ಯಕ್ಕೂ ನಿರುತ್ಸಾಹಕ್ಕೂ ಸಂಬಂಧವಿಲ್ಲ.

ಇಂಥ ಮನಸ್ಸನ್ನು ಬೆಳೆಸುವ ಸಾಧನಗಳನ್ನು ಹೊರಗೆ ಹುಡುಕಬೇಕಾಗಿಲ್ಲ. ಅವು ನಮ್ಮ ಆಚರಣೆಯಲ್ಲಿಯೇ ಇವೆ. ಮೊದಲನೆಯದು ಸಂಕಲ್ಪ. ಕಾಲ, ದೇಶ, ಉದ್ದೇಶ ಮೂರನ್ನೂ ಹೇಳದೆ ನಮ್ಮಲ್ಲಿ ಯಾವ ಪೂಜೆಯೂ ಆರಂಭವಾಗುವುದಿಲ್ಲ. ವಿದ್ಯಾರ್ಥಿಯೂ ಅಷ್ಟೇ: ಯಾವ ಹೊತ್ತಿಗೆ, ಎಲ್ಲಿ ಕುಳಿತು, ಏನನ್ನು ಓದಿ ಮುಗಿಸುವೆನೆಂದು ಮೊದಲೇ ನಿಶ್ಚಯಿಸಿಕೊಂಡು ಕುಳಿತರೆ ಮನಸ್ಸು ಅಲೆಯುವುದು ಕಡಿಮೆಯಾಗುತ್ತದೆ.

ಎರಡನೆಯದು ವ್ರತ. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ಶಾಕ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ದ್ವಿದಳ ಧಾನ್ಯ, ಹೀಗೆ ಒಂದೊಂದನ್ನೇ ಬಿಡುತ್ತೇವೆ. ಎಲ್ಲವನ್ನೂ ಒಮ್ಮೆಗೇ ಬಿಡೆಂದು ಶಾಸ್ತ್ರವು ಹೇಳಲಿಲ್ಲ. ಒಂದು ಕಾಲಕ್ಕೆ ಒಂದು ನಿಯಮ, ಅದು ಪೂರ್ತಿಯಾಗಿ. ಮನಸ್ಸನ್ನು ಪಳಗಿಸುವ ಕ್ರಮವೂ ಇದೇ. ಮೊಬೈಲನ್ನು ಓದಿನ ವೇಳೆಯಲ್ಲಿ ದೂರವಿಡುವುದೊಂದನ್ನೇ ಒಂದು ತಿಂಗಳ ನಿಯಮವಾಗಿ ಹಿಡಿದವನು ಮುಂದಿನ ತಿಂಗಳು ಇನ್ನೊಂದನ್ನು ಹಿಡಿಯಬಲ್ಲನು. ನಾಲಿಗೆಯನ್ನು ನಾಲ್ಕು ತಿಂಗಳು ಹಿಡಿತದಲ್ಲಿಟ್ಟ ಮನೆಯವರಿಗೆ ಇದು ಅಸಾಧ್ಯವಲ್ಲ.

ಮೂರನೆಯದು ಸಮರ್ಪಣೆ. ದಿನದ ಕೊನೆಗೆ ಆದದ್ದನ್ನೂ ಆಗದೆ ಉಳಿದದ್ದನ್ನೂ ಶ್ರೀಕೃಷ್ಣನಿಗೆ ಒಪ್ಪಿಸಿ ಮಲಗಬೇಕು. ಒಪ್ಪಿಸುವುದೆಂದರೆ ಹೊಣೆಯಿಂದ ಜಾರಿಕೊಳ್ಳುವುದಲ್ಲ. ಎಲ್ಲಿ ಒಡ್ಡು ಸೋರಿತು ಎಂಬುದನ್ನು ನೋಡಿಕೊಂಡು, ಮರುದಿನ ಅದನ್ನು ಕಟ್ಟುವ ನಿಶ್ಚಯದೊಡನೆ, ಫಲದ ಚಿಂತೆಯನ್ನು ಮಾತ್ರ ಅವನ ಪಾದದಲ್ಲಿಡುವುದು.

ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆ. ಫಲಿತಾಂಶವು ಒಳ್ಳೆಯದಾಗಿ ಬಂದ ದಿನ ಮಗುವನ್ನು ದೇವರ ಮುಂದೆ ನಿಲ್ಲಿಸಿ ನಮಸ್ಕಾರ ಮಾಡಿಸುತ್ತೇವೆ. ಬಾರದ ದಿನವೂ ಹಾಗೆಯೇ ಕರೆದು ನಿಲ್ಲಿಸಿರಿ. ಆ ದಿನವೇ ಅದರ ಅಗತ್ಯ ಹೆಚ್ಚು. “ನೀನು ಉತ್ತಿದ್ದೆಯಾ, ಬಿತ್ತಿದ್ದೆಯಾ?” ಎಂದು ಶಾಂತವಾಗಿ ಕೇಳಿರಿ. ಬಿತ್ತಿದ್ದರೆ, ದ್ರೌಪದೀದೇವಿಯ ಒಕ್ಕಲಿಗನಂತೆ ತನ್ನನ್ನು ಹಳಿದುಕೊಳ್ಳಬೇಕಾಗಿಲ್ಲವೆಂದು ಹೇಳಿ ಊಟಕ್ಕೆ ಎಬ್ಬಿಸಿರಿ. ಬಿತ್ತಿರದಿದ್ದರೆ, ಹೊಲ ಇನ್ನೂ ಇದೆ, ಮುಂದಿನ ಹಂಗಾಮು ಬರುತ್ತದೆ ಎಂದು ಹೇಳಿರಿ. ಯೋಗ್ಯತೆಯ ಅಳತೆಯನ್ನು ಅದನ್ನು ಬಲ್ಲವನಿಗೆ ಬಿಟ್ಟು, ಮಗುವಿನ ಕೈಯಲ್ಲಿ ಮತ್ತೆ ಕೂರಿಗೆಯನ್ನು ಕೊಡುವುದು ನಮ್ಮ ಕರ್ತವ್ಯ.

ಶ್ರೀಕೃಷ್ಣಾರ್ಪಣಮಸ್ತು.