ನುಂಗಿದ ಗುಳಿಗೆ ಮೊಣಕಾಲನ್ನು ಸೇರುವುದೇ?

ಒಂಬತ್ತನೆಯ ತರಗತಿಯಲ್ಲಿ ಕೀಲುಗಳ ಪಾಠ ನಡೆಯುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ನಮ್ಮ ಅಜ್ಜಿ ಮೊಣಕಾಲು ನೋವಿಗೆ ಗ್ಲುಕೋಸಮೈನ್ ಗುಳಿಗೆ ನುಂಗುತ್ತಾರೆ. ಅದು ಹೊಟ್ಟೆಗಲ್ಲವೇ ಹೋಗುವುದು?” ಎಂದು ಕೇಳಿದಳು. ಅಜ್ಜಿಯ ಪಿಂಚಣಿಯಲ್ಲಿ ಒಂದು ಪಾಲು ಆ ಗುಳಿಗೆಗೇ ಹೋಗುತ್ತದೆಂದು ಆಮೇಲೆ ತಿಳಿಯಿತು. ಅಂದು ಅರ್ಧ ಉತ್ತರವನ್ನಷ್ಟೇ ಕೊಟ್ಟಿದ್ದೆ, ಉಳಿದುದು ಇಲ್ಲಿದೆ.

ಮೊಣಕಾಲಿನಲ್ಲಿ ಕೂಡುವ ಎಲುಬುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಅದರಲ್ಲಿ ರಕ್ತನಾಳಗಳಿಲ್ಲ. ಕೀಲಿನ ಚೀಲದೊಳಗಿನ ಲೋಳೆಯಂಥ ದ್ರವವೇ ಅದಕ್ಕೆ ಎಣ್ಣೆಯೂ ಹೌದು, ಊಟವೂ ಹೌದು. ಮೊಟ್ಟೆಯ ಬಿಳಿಯನ್ನು ಹೋಲುವ ಈ ದ್ರವಕ್ಕೆ ಸೈನೋವಿಯಾ ಎಂದು ಹೆಸರಿಟ್ಟವನು 16ನೆಯ ಶತಮಾನದ ವೈದ್ಯ ಪ್ಯಾರಸೆಲ್ಸಸ್. ಆರೋಗ್ಯವಂತ ಮೊಣಕಾಲಿನಲ್ಲಿ ಅದು ಸಾಮಾನ್ಯವಾಗಿ ಒಂದು ಚಹಾ ಚಮಚದಷ್ಟೂ ಇರುವುದಿಲ್ಲ. ಅದರ ಲೋಳೆತನಕ್ಕೆ ಕಾರಣ ಹಯಲುರಾನಿಕ್ ಆಮ್ಲ. ಇದನ್ನು 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಮೊದಲು ಬೇರ್ಪಡಿಸಿದ್ದು ಕೀಲಿನಿಂದಲ್ಲ, ದನದ ಕಣ್ಣಿನಿಂದ!

ಗ್ಲುಕೋಸಮೈನ್ ನಮ್ಮ ದೇಹವೇ ತಯಾರಿಸುವ, ಮೃದ್ವಸ್ಥಿಯ ರಚನೆಗೆ ಬೇಕಾದ ವಸ್ತು. ಅಂಗಡಿಯ ಗುಳಿಗೆಗೆ ಅದನ್ನು ಹೆಚ್ಚಾಗಿ ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುತ್ತಾರೆ. ಅದು ಕೀಲನ್ನು ಸೇರುತ್ತದೆಯೇ ಎಂದು ತಿಳಿಯಲು ಸೂಜಿಯಿಂದ ಕೀಲುದ್ರವವನ್ನೇ ತೆಗೆದು ಅಳೆಯಬೇಕು. ಕ್ರೊಮಟೊಗ್ರಫಿ ವಿಧಾನದಿಂದ ವಸ್ತುಗಳನ್ನು ಬೇರ್ಪಡಿಸಿ, ಬಳಿಕ ಅಣುಗಳನ್ನು ಅವುಗಳ ತೂಕದಿಂದ ಗುರುತಿಸುವ ಯಂತ್ರಕ್ಕೆ ಕೊಡುತ್ತಾರೆ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೀಲುಸವೆತದ 12 ಮಂದಿ ರೋಗಿಗಳು ದಿನಕ್ಕೆ 1500 ಮಿಲಿಗ್ರಾಂನಂತೆ 14 ದಿನ ಇದನ್ನು ಸೇವಿಸಿದರು. ಒಂದು ಮಿಲಿಲೀಟರ್ ಕೀಲುದ್ರವದಲ್ಲಿ ಸುಮಾರು 36 ನ್ಯಾನೊಗ್ರಾಂ ಇದ್ದ ಮಧ್ಯಾಂಕ ಸುಮಾರು 777ಕ್ಕೆ ಏರಿತು. ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಅಂತೂ ಗುಳಿಗೆಯ ಅಂಶ ಮೊಣಕಾಲನ್ನು ತಲುಪುತ್ತದೆ, ಬಹು ಸೂಕ್ಷ್ಮ ಪ್ರಮಾಣದಲ್ಲಿ.

ತಲುಪಿದ ಮಾತ್ರಕ್ಕೆ ನೋವು ಇಳಿಯಿತೆಂದು ಹೇಳಬಹುದೇ? ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಅಮೆರಿಕದಲ್ಲಿ 1583 ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ 2006ರಲ್ಲಿ ಹೊರಬಂತು. ಕೆಲವರಿಗೆ ಗ್ಲುಕೋಸಮೈನ್, ಕೆಲವರಿಗೆ ಮೃದ್ವಸ್ಥಿಯದೇ ಇನ್ನೊಂದು ವಸ್ತುವಾದ ಕಾಂಡ್ರಾಯಿಟಿನ್, ಕೆಲವರಿಗೆ ಎರಡೂ, ಕೆಲವರಿಗೆ ಸೆಲೆಕಾಕ್ಸಿಬ್ ಎಂಬ ನೋವಿನ ಔಷಧ, ಉಳಿದವರಿಗೆ ಔಷಧವೇ ಇಲ್ಲದ ಹುಸಿಗುಳಿಗೆ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ವೈದ್ಯರಿಗೂ ತಿಳಿಯದು. 24 ವಾರಗಳ ಬಳಿಕ ನೋವು ಶೇಕಡಾ 20ರಷ್ಟಾದರೂ ಇಳಿದವರು ಗ್ಲುಕೋಸಮೈನ್ ಗುಂಪಿನಲ್ಲಿ 100ಕ್ಕೆ 64. ಸೆಲೆಕಾಕ್ಸಿಬ್ ಗುಂಪಿನಲ್ಲಿ 70. ಹುಸಿಗುಳಿಗೆಯವರಲ್ಲಿಯೂ 60! 64ಕ್ಕೂ 60ಕ್ಕೂ ಇರುವ ಅಂತರ ಆಕಸ್ಮಿಕವಾಗಿಯೂ ಬರಬಹುದಾದಷ್ಟು ಚಿಕ್ಕದು. ನೋವು ಹೆಚ್ಚಾಗಿದ್ದ 354 ಮಂದಿಯಲ್ಲಿ ಮಾತ್ರ ಎರಡನ್ನೂ ಒಟ್ಟಿಗೆ ಸೇವಿಸಿದವರಿಗೆ 79, ಹುಸಿಗುಳಿಗೆಯವರಿಗೆ 54 ಎಂದು ಕಂಡಿತು. ಆದರೆ ಅದು ಸಣ್ಣ ಗುಂಪು, ಮತ್ತೆ ಪರೀಕ್ಷಿಸದೆ ಅದನ್ನು ನೆಚ್ಚುವಂತಿಲ್ಲ.

ಆ 60 ಮಂದಿ ಸುಳ್ಳು ಹೇಳಿದರೆಂದು ತಿಳಿಯಬೇಡಿ. ನೋವು ತಾನಾಗಿ ಏರಿ ಇಳಿಯುವಂಥದು. ನಂಬಿಕೆಯೂ ಅದನ್ನು ತಗ್ಗಿಸುತ್ತದೆ. ಅಜ್ಜಿಗೆ ಹಿತವೆನಿಸಿದ್ದೂ ನಿಜವೇ ಇರಬಹುದು. ಆದರೆ ಅವರು ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ಸೇವಿಸುತ್ತಿದ್ದರೆ, ಈ ಗುಳಿಗೆಯ ವಿಷಯವನ್ನು ತಮ್ಮ ವೈದ್ಯರಿಗೆ ತಪ್ಪದೆ ಹೇಳಲಿ. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು.